ಅಮ್ಮನ ಟ್ಯೂಬು ಯಾರ ಕೆಲಸ?

ಟ್ಯೂಬಿನ ಮೇಲಿನ ಕಪ್ಪು ಗೆರೆ ಮೂಗಿನ ಹೊಳ್ಳೆಗೆ ತಾಗಿಕೊಂಡಿರಬೇಕಿತ್ತು. ಆ ದಿನ ಅದು ಕೆನ್ನೆಯ ಮೇಲಿತ್ತು. ಹೊಳ್ಳೆಯಿಂದ ಗೆರೆಯವರೆಗೆ ನನ್ನ ತೋರುಬೆರಳಿನಷ್ಟು ಉದ್ದ. ಟ್ಯೂಬನ್ನು ಹಿಡಿದಿಡುವ ಪ್ಲಾಸ್ಟರನ್ನು ಯಾರೋ ಹೊಸದಾಗಿ, ಬಹಳ ಅಚ್ಚುಕಟ್ಟಾಗಿ, ನಾಲ್ಕೂ ಮೂಲೆ ಒತ್ತಿ ಅಂಟಿಸಿದ್ದರು.

ಅಮ್ಮನ ತುಟಿ ನೀಲಿಯಾಗಿತ್ತು.

ಮನೆಯ ಮಾತನ್ನು ಹೊರಗೆ ಆಡುವುದು ನನಗೆ ಎಂದೂ ಹಿಡಿಸಿದ್ದಲ್ಲ. ಅಮ್ಮನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆಸ್ಪತ್ರೆಯ ಹೆಸರನ್ನೂ ಬರೆಯುವುದಿಲ್ಲ. ಅದು ಒಂದೇ ಆಸ್ಪತ್ರೆಯ ತಪ್ಪಾಗಿದ್ದರೆ ಬರೆಯುತ್ತಿದ್ದೆನೇನೋ. ಆದರೆ ನಡೆದದ್ದನ್ನು ನಡೆದ ಹಾಗೆ ಬರೆಯದಿದ್ದರೆ ನನ್ನ ಸಿಟ್ಟು ಇಳಿಯುವುದಿಲ್ಲ. ಬರೆದರೆ ಇಳಿಯುತ್ತದೆಂಬ ಭರವಸೆಯೂ ಇಲ್ಲ.

ಮೊದಲು ಕಂಡದ್ದು ಮಜ್ಜಿಗೆ. ಅಜ್ಜಂಪುರದ ನಮ್ಮ ಮನೆಯಲ್ಲಿ ಅಮ್ಮ ಊಟ ಮುಗಿಸಿ ಲೋಟ ಎತ್ತಿದಳು. ಮಜ್ಜಿಗೆ ಬಾಯಿಯ ಬಲಮೂಲೆಯಿಂದ ಜಾರಿ ಸೀರೆಯ ಮೇಲೆ ಬಿತ್ತು. ಅವಳಿಗೆ ಗೊತ್ತಾಗಲಿಲ್ಲ. "ಅಮ್ಮಾ, ಚೆಲ್ತಾ ಇದೆ" ಎಂದೆ. ಅವಳು ನನ್ನತ್ತ ತಿರುಗಿ ಏನೋ ಹೇಳಿದಳು. ಅದು ಮಾತಾಗಿರಲಿಲ್ಲ.

ಸ್ಟ್ರೋಕ್.

ಬಾಡಿಗೆ ಕಾರು ಮಾಡಿಕೊಂಡು ದೊಡ್ಡ ಊರಿನ ಆಸ್ಪತ್ರೆಗೆ ಕರೆದೊಯ್ದೆವು. ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು ಹೋದವು. ನುಂಗುವುದೂ ಹೋಯಿತು. ನುಂಗುವುದನ್ನು ಒಂದು ಕೆಲಸವೆಂದು ನಾನು ಅಲ್ಲಿಯವರೆಗೆ ಎಣಿಸಿರಲಿಲ್ಲ. ಗಂಟಲಲ್ಲಿ ಅನ್ನದ ದಾರಿ, ಉಸಿರಿನ ದಾರಿ ಎರಡೂ ಅಕ್ಕಪಕ್ಕ ಇವೆ; ಒಂದು ತೆರೆಯುವಾಗ ಇನ್ನೊಂದು ಮುಚ್ಚಬೇಕು; ಅಮ್ಮನಲ್ಲಿ ಆ ಮುಚ್ಚುವುದು ನಿಂತುಹೋಗಿತ್ತು. ಒಂದು ಚಮಚ ನೀರು ಬಾಯಿಗೆ ಹಾಕಿದರೂ ಅದು ಶ್ವಾಸಕೋಶಕ್ಕೆ ಹೋಗಬಹುದಾಗಿತ್ತು. ಅದಕ್ಕಾಗಿ ಮೂಗಿನ ಮೂಲಕ ಹೊಟ್ಟೆಯವರೆಗೆ ತೆಳ್ಳನೆಯ ಪ್ಲಾಸ್ಟಿಕ್ ಕೊಳವೆ ಇಳಿಸಿದರು. ರೈಲ್ಸ್ ಟ್ಯೂಬ್. ಹಾಲು, ಸೋಸಿದ ಗಂಜಿ, ಔಷಧಿ ಎಲ್ಲವೂ ಇನ್ನು ಅದರಲ್ಲೇ.

ಫೀಡ್ ಕೊಡುವ ಹೊತ್ತಿಗೆ ನರ್ಸ್ ಬಂದು "ಮನೆಯವರೆಲ್ಲ ಹೊರಗಿರಿ" ಎನ್ನುತ್ತಿದ್ದಳು. ನಾವು ಹೊರಗೆ ನಿಲ್ಲುತ್ತಿದ್ದೆವು. ಎಲ್ಲ ಮುಗಿದ ಮೇಲೆ ಒಳಗೆ ಬರುತ್ತಿದ್ದೆವು. ಅಮ್ಮನ ಊಟವಾಯಿತು ಎಂದು ಗೊತ್ತಾಗುತ್ತಿದ್ದದ್ದು ಟ್ಯೂಬಿಗೆ ಗಂಜಿ ಹೊಯ್ಯುವ, ಸೂಜಿಯಿಲ್ಲದ ದಪ್ಪ ಸಿರಿಂಜನ್ನು ತೊಳೆದಿಟ್ಟದ್ದರಿಂದ.

ಡಿಸ್ಚಾರ್ಜಿನ ದಿನ ಡಾಕ್ಟರು "ಯಾರು ನೋಡ್ಕೊಳ್ಳೋರು?" ಎಂದು ಕೇಳಿದರು. "ನಾವೇ ಸಾರ್" ಎಂದರು ಚಿಕ್ಕಪ್ಪ. ಅಪ್ಪ ತೀರಿಕೊಂಡ ಮೇಲೆ ಅಂಗಡಿಯನ್ನೂ ಮನೆಯನ್ನೂ ನಡೆಸುತ್ತಿದ್ದವರು ಅವರು. ಡಾಕ್ಟರು ಅವರನ್ನು ಕಾರಿಡಾರಿಗೆ ಕರೆದು ಟ್ಯೂಬಿನ ಬಗ್ಗೆ ಹೇಳತೊಡಗಿದರು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ನಾನು ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದ್ದೆ. ತರೀಕೆರೆಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಅರ್ಥವಾಗದಿರುವಂಥದ್ದೇನೂ ಅಲ್ಲಿರಲಿಲ್ಲ. "ಟ್ಯೂಬ್ ಹೊಟ್ಟೆಯಲ್ಲೇ ಇದೆ ಅಂತ ಪ್ರತಿ ಸಲ ಹೇಗೆ ನೋಡೋದು ಡಾಕ್ಟರೇ?" ಎಂದು ಕೇಳಿದೆ.

ಅವರು ಉತ್ತರ ಕೊಟ್ಟರು. ಚಿಕ್ಕಪ್ಪನ ಕಡೆ ತಿರುಗಿ, ಇಂಗ್ಲಿಷಿನಲ್ಲಿ ಕೊಟ್ಟರು.

ಉತ್ತರ ಮುಗಿಯುವ ಮೊದಲೇ ಒಳಗಿಂದ ಅಮ್ಮನ ಬಟ್ಟೆ ಕಟ್ಟಿಕೊಳ್ಳಲು ನನ್ನನ್ನು ಕರೆದರು. ಕೊನೆಯ ಗಳಿಗೆಯಲ್ಲಿ ಮೆಟ್ಟಿಲ ಬಳಿ ಒಬ್ಬ ಸ್ಟೂಡೆಂಟ್ ನರ್ಸ್ ನನ್ನ ಮುಖ ನೋಡಿಯೋ ಏನೋ ಅವಸರದಲ್ಲಿ ಹೇಳಿದಳು: "ಸಿರಿಂಜ್ ಹಚ್ಚಿ ಮೊದಲು ಹಿಂದಕ್ಕೆ ಎಳೀರಿ. ಹೊಟ್ಟೆಯೊಳಗಿನದು ಬಂದ್ರೆ ಮಾತ್ರ ಫೀಡ್. ಬಂದದ್ದನ್ನ ವಾಪಸ್ ಒಳಗೇ ಬಿಡಿ, ಚೆಲ್ಲಬೇಡಿ." ಅದೇ ನನಗೆ ಸಿಕ್ಕ ಪೂರ್ತಿ ಶಿಕ್ಷಣ.

ಮನೆಯಲ್ಲಿ ಚಿಕ್ಕಪ್ಪ ಎಲ್ಲರೂ ಕೇಳುವಂತೆ ಸಾರಾಂಶ ಹೇಳಿದರು: "ಮೂರು ಗಂಟೆಗೊಂದ್ಸಲ ಹಾಕ್ಬೇಕಂತೆ. ಅಷ್ಟೇ, ಏನಿಲ್ಲ." ಹೇಳಿ ಅಂಗಡಿಗೆ ಹೋದರು. ಆ ಸಿರಿಂಜನ್ನು ಅವರು ಕೈಯಲ್ಲಿ ಹಿಡಿದದ್ದನ್ನು ನಾನು ಅಂದೂ ಕಾಣಲಿಲ್ಲ, ಆಮೇಲೂ ಕಾಣಲಿಲ್ಲ.

ನೋಡಿಕೊಳ್ಳುತ್ತಿದ್ದವರು ಇಬ್ಬರು. ಒಬ್ಬರು ಗಂಗತ್ತೆ, ಅಪ್ಪನ ಅಕ್ಕ. ಸುದ್ದಿ ತಿಳಿದ ಕೂಡಲೇ ಚೌಳಹಿರಿಯೂರಿನಿಂದ ಬಸ್ಸಿನಲ್ಲಿ ಬಂದು, "ನಾನಿರೋವಾಗ ಅವಳಿಗೆ ಬೇರೆ ಯಾರ್ ಯಾಕೆ ಅನ್ನ ಕಾಣಿಸ್ಬೇಕು" ಎಂದು ನಿಂತುಬಿಟ್ಟಿದ್ದರು. ಇನ್ನೊಬ್ಬಳು ಹಿಂದಿನ ಬೀದಿಯ ಹಸೀನಾಬಿ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು ಅವಳ ಕಸುಬು. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಬಟ್ಟೆ ಬದಲಿಸುವುದು ಅವಳದು. ಗಂಜಿ ಕಾಯಿಸುವುದು, ಸೋಸುವುದು, ಟ್ಯೂಬಿಗೆ ಸುರಿಯುವುದು ಅತ್ತೆಯದು. ಹಾಗೆಂದು ಯಾರೂ ಕೂತು ಹಂಚಲಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಅದನ್ನು ಹಂಚಬೇಕಾಗಿಯೂ ಇಲ್ಲ.

ಸ್ಟೂಡೆಂಟ್ ನರ್ಸ್ ಹೇಳಿದ್ದನ್ನು ನಾನು ಅತ್ತೆಗೆ ತೋರಿಸಿದೆ. ಸಿರಿಂಜಿನಲ್ಲಿ ಒಡೆದ ಹಾಲಿನಂಥದ್ದು ಬಂತು. ಅದನ್ನು ಮತ್ತೆ ಒಳಗೆ ಬಿಟ್ಟೆ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಅಯ್ಯೋ ಶಿವನೇ! ಕಕ್ಕಿದ್ದನ್ನ ಯಾರಾದ್ರೂ ತಿರುಗಿ ತಿನ್ನಿಸ್ತಾರೇನೇ?"

"ಕಕ್ಕಿದ್ದಲ್ಲ ಅತ್ತೆ. ಹೊಟ್ಟೆಯೊಳಗೇ ಇದ್ದದ್ದು."

"ಹೊರಗ್ ಬಂದ್ಮೇಲೆ ಕಕ್ಕಿದ್ದೇ ಕಣೇ. ನಿನ್ನ ಕಾಲೇಜ್ ಭಾಷೇಲಿ ಏನಂತಾರೋ ಕಾಣೆ."

ರಜೆ ಮುಗಿಯಿತು. ನಾನು ತರೀಕೆರೆಗೆ ಬಸ್ಸಿನಲ್ಲಿ ಹೋಗಿಬರತೊಡಗಿದೆ. ಸಂಜೆ ಬಂದ ಕೂಡಲೇ ಕೇಳುತ್ತಿದ್ದೆ: "ಎಳೆದು ನೋಡಿದ್ರಾ ಅತ್ತೆ?" "ಹೂಂ ಕಣೇ, ನೋಡಾಯ್ತು." ಹಸೀನಾಬಿಯನ್ನು ಕೇಳಿದರೆ "ಆಯ್ತಮ್ಮ, ಎಲ್ಲಾ ಆಯ್ತು."

ಆ ದಿನ ಕಾಲೇಜಿಗೆ ರಜೆ. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಒಳಗಿಂದ ಕೆಮ್ಮು ಕೇಳಿಸಿತು. ಕೆಮ್ಮು ಅಲ್ಲ, ಕೆಮ್ಮಲು ಆಗದವರ ಸದ್ದು. ಓಡಿಬಂದಾಗ ಕಂಡದ್ದೇ ಆ ಗೆರೆ. ಅಮ್ಮ ಅಂಗಾತ ಮಲಗಿದ್ದಳು. ಅತ್ತೆ ಸಿರಿಂಜನ್ನು ಎತ್ತರಕ್ಕೆ ಹಿಡಿದು "ಸ್ವಲ್ಪ ತಡ್ಕೊಳ್ಳೆ, ಇನ್ನೊಂದ್ ಲೋಟ ಐತೆ ಅಷ್ಟೇ" ಎಂದು ಅಮ್ಮನಿಗೆ ಪ್ರೀತಿಯಿಂದ ಹೇಳುತ್ತಿದ್ದರು.

ಪ್ರೀತಿಯಿಂದ. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ಬೆಳಿಗ್ಗೆ ಅಮ್ಮ ಚೆನ್ನಾಗಿದ್ದ ಎಡಗೈಯಿಂದ ಟ್ಯೂಬನ್ನು ಜಗ್ಗಿದ್ದಳು. ಮೈ ಒರೆಸುವಾಗ ಹಸೀನಾಬಿ ಅದನ್ನು ಕಂಡು, ಪ್ಲಾಸ್ಟರ್ ಕಿತ್ತುಬಂದಿದೆಯೆಂದು ಹೊಸದು ಅಂಟಿಸಿದ್ದಳು. ಟ್ಯೂಬಿನ ತುದಿ ಹೊಟ್ಟೆ ಬಿಟ್ಟು ಮೇಲೆ ಬಂದಿದೆಯೇ ಎಂದು ಗೆರೆ ನೋಡಿ ತಿಳಿಯುವುದು ಅವಳಿಗೆ ಯಾರೂ ಹೇಳಿಕೊಡದ ಸಂಗತಿ. ಒಮ್ಮೆ ಸಿರಿಂಜ್ ಹಚ್ಚಿ ಎಳೆದಿದ್ದರೆ ಏನೂ ಬರುತ್ತಿರಲಿಲ್ಲ. ಏನೂ ಬರದಿದ್ದರೆ ಗಂಜಿ ಹಾಕುತ್ತಿರಲಿಲ್ಲ.

ಗಂಜಿ ಇಳಿಯದಂತೆ ಟ್ಯೂಬನ್ನು ಮಡಿಸಿ ಹಿಡಿದೆ. ಅಮ್ಮನನ್ನು ಮಗ್ಗುಲಾಗಿಸಿದೆವು. ಮೂಗಿನಿಂದ, ಬಾಯಿಂದ ಗಂಜಿ ಬಂತು. ಚಿಕ್ಕಪ್ಪ ಅಂಬಾಸಡರ್ ತರಿಸಿದರು. ಕಡೂರಿನ ನರ್ಸಿಂಗ್ ಹೋಮಿಗೆ ಹೋಗುವವರೆಗೂ ಹಿಂದಿನ ಸೀಟಿನಲ್ಲಿ ಅಮ್ಮನ ಎದೆ ಕುಕ್ಕರಿನ ಹಾಗೆ ಸದ್ದು ಮಾಡುತ್ತಿತ್ತು. ಬೀರೂರಿನ ರೈಲ್ವೆ ಗೇಟು ಮುಚ್ಚಿತ್ತು. ಗೂಡ್ಸ್ ಗಾಡಿ ಹೋಗುವುದನ್ನು ನೋಡುತ್ತ ಕೂತೆವು. ಆ ಡಬ್ಬಿಗಳ ಮೇಲೂ ನನಗೆ ಸಿಟ್ಟು ಬಂದಿತ್ತು.

ಆಸ್ಪಿರೇಷನ್ ನ್ಯುಮೋನಿಯಾ: ಶ್ವಾಸಕೋಶಕ್ಕೆ ಹೋದ ಗಂಜಿಯಿಂದ ಸೋಂಕು. ಆಕ್ಸಿಜನ್, ಇಂಜೆಕ್ಷನ್, ಜ್ವರ, ಮತ್ತೆ ಜ್ವರ. ಆ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಅಮ್ಮ ಒಂದು ಸಲ ಕಣ್ಣು ತೆರೆದರೂ ನನ್ನ ಗುರುತು ಹಿಡಿಯಲಿಲ್ಲ. ಇನ್ನೊಂದು ಸಲ ಹಿಡಿದಳು. ಆ ಎರಡರ ನಡುವೆ ನಾನು ದೇವರನ್ನು ನೆನೆಯಲಿಲ್ಲ. ಕಾರಿಡಾರಿನಲ್ಲಿ ನಿಂತಿದ್ದ ಆ ಡಾಕ್ಟರ ಬೆನ್ನನ್ನು ನೆನೆದೆ.

ಜ್ವರ ಇಳಿದ ಮೇಲೆ ಕಡೂರಿನ ಡಾಕ್ಟರು ಹೊಸ ಟ್ಯೂಬು ಹಾಕಿದರು. ವಯಸ್ಸಾದವರು, ಒಳ್ಳೆಯವರು. "ನಾಳೆ ಕರ್ಕೊಂಡು ಹೋಗಬಹುದು" ಎಂದರು. ಆಮೇಲೆ ಬಾಗಿಲ ಬಳಿ ನಿಂತಿದ್ದ ಚಿಕ್ಕಪ್ಪನಿಗೆ, "ಬನ್ನಿ ಸ್ವಾಮಿ, ಟ್ಯೂಬಿನ ವಿಷಯ ಸ್ವಲ್ಪ ಹೇಳಿಬಿಡ್ತೀನಿ."

"ಅವರಿಗೆ ಹೇಳಬೇಡಿ."

ನನ್ನ ದನಿ ಎಂದು ನನಗೇ ನಂಬಿಕೆಯಾಗಲಿಲ್ಲ. ವಾರ್ಡಿನವರೆಲ್ಲ ತಿರುಗಿ ನೋಡಿದರು.

"ಏನಮ್ಮಾ?"

"ಅವರು ಟ್ಯೂಬ್ ಮುಟ್ಟೋದಿಲ್ಲ ಡಾಕ್ಟರೇ. ಮುಟ್ಟದವರಿಗೆ ಹೇಳಿ ಕಳಿಸಿದ್ದಕ್ಕೇ ನಾವಿಲ್ಲಿಗೆ ಬಂದದ್ದು. ಮುಟ್ಟೋರು ಇಬ್ಬರು ಹೆಂಗಸರು. ಅವರನ್ನ ಕರೆಸ್ತೀನಿ. ಅವರಿಗೆ ಕಲಿಸಿ."

"ಲೇ ಉಮಾ, ದೊಡ್ಡೋರ ಮುಂದೆ ಹೆಂಗ್ ಮಾತಾಡ್ಬೇಕು ಅನ್ನೋದಾದ್ರೂ ಗೊತ್ತಾ?" ಚಿಕ್ಕಪ್ಪನ ಮುಖ ಕೆಂಪಾಗಿತ್ತು. "ಮೈಸೂರ್ನಲ್ಲಿ ಓದ್ಸಿದ್ದು ಇದಕ್ಕಾ?"

"ಹೌದು ಚಿಕ್ಕಪ್ಪ, ಇದಕ್ಕೇ ಅಂತ ಇಟ್ಕೊಳ್ಳಿ."

ಅವರು ಹೊರಗೆ ಹೋದರು. ಅವರು ಕೆಟ್ಟವರಲ್ಲ. ಕಾರಿಗೆ ಓಡಿದವರು, ಔಷಧಿಗೆ ಅಲೆದವರು ಅವರೇ. ಆದರೂ ನನ್ನ ಸಿಟ್ಟು ಒಂದು ಎಳೆಯಷ್ಟೂ ಕಡಿಮೆಯಾಗಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮ ಸಿಸ್ಟರಿಗೆ ಪುರುಸೊತ್ತೆಲ್ಲಿದೆಯಮ್ಮ, ಕ್ಲಾಸ್ ತಗೊಳ್ಳೋಕೆ?"

"ಆಗೋವರೆಗೆ ಅಮ್ಮನ್ನ ಇಲ್ಲೇ ಇಟ್ಕೊಳ್ಳಿ. ನಾನು ಕರ್ಕೊಂಡು ಹೋಗೋದಿಲ್ಲ."

ಹಿಂದಿನಿಂದ ಸಿಸ್ಟರ್ ಸರೋಜ ನಕ್ಕರು. ಆ ನರ್ಸಿಂಗ್ ಹೋಮಿನ ಹಿರಿಯ ನರ್ಸ್ ಅವರು. "ಕರೆಸಿ ಮೇಡಂ. ಹನ್ನೊಂದು ಗಂಟೆ ಫೀಡಿಗೆ ಬರ್ಲಿ. ಫೀಡ್ ಹೆಂಗೂ ನಾನ್ ಕೊಡ್ಲೇಬೇಕಲ್ಲ, ನೋಡ್ಕೊಳ್ಳೋರು ನೋಡ್ಕೊಳ್ಳಲಿ."

ಮರುದಿನ ಇಬ್ಬರೂ ಬಸ್ಸಿನಲ್ಲಿ ಬಂದರು. ಒಬ್ಬರ ಮುಖ ಇನ್ನೊಬ್ಬರು ನೋಡುತ್ತಿರಲಿಲ್ಲ. ದಾರಿಯುದ್ದಕ್ಕೂ ಜಗಳವಾಡಿಕೊಂಡು ಬಂದಿದ್ದರೆಂದು ಆಮೇಲೆ ತಿಳಿಯಿತು. ಸಿಸ್ಟರ್ ಮೊದಲು ಅಮ್ಮನ ಬಳಿಗೆ ಕರೆದೊಯ್ಯಲಿಲ್ಲ. ಹಳೆಯ ಟ್ಯೂಬಿನ ತುಂಡೊಂದನ್ನು ಮಜ್ಜಿಗೆಯ ಚೊಂಬಿನಲ್ಲಿ ಇಳಿಬಿಟ್ಟು, "ಹೂಂ, ಇಬ್ರಲ್ಲಿ ಯಾರು ಎಳೆದು ನೋಡ್ತಿದ್ದೋರು? ಅವರು ಎಳೆದು ತೋರಿಸಿ" ಎಂದರು.

ಆಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಗಂಗಕ್ಕ ಎಳೀತಿದ್ರು ಅಂದ್ಕೊಂಡಿದ್ದೆ ನಾನು" ಎಂದಳು ಹಸೀನಾಬಿ.

"ನಾನ್ಯಾಕ್ ಎಳೀಲಿ? ಅಂಥಾದ್ದೆಲ್ಲ ನಿಂದಲ್ವೇನೇ?" ಎಂದರು ಅತ್ತೆ.

"ನಂದೆಂಗಾಗ್ತದೆ? ಒಳಗ್ ಹೋಗೋದು ನಿಮ್ದು, ಹೊರಗ್ ಬರೋದು ನಂದು. ಹೊರಗ್ ಬಂದಿದ್ದು ಮತ್ತೆ ಒಳಗ್ ಹೋಗೋದು ಯಾರ್ದು ಅಂತ ಯಾರ್ ಹೇಳಿದ್ರು? ನಾನ್ ಆ ಸಿರಿಂಜ್ ಮುಟ್ಟಿದ್ರೆ ನೀವ್ ಬಿಡ್ತಿದ್ರಾ? ಅನ್ನದ್ದು ಅಂತ ದೇವರ ಗೂಡಿನ್ ಹತ್ರ ಇಟ್ಟಿದ್ರಲ್ಲ!"

ನಾನು ಗೋಡೆಗೆ ಒರಗಿದೆ. ಇಷ್ಟೇ. ಅಮ್ಮನ ಶ್ವಾಸಕೋಶಕ್ಕೆ ಗಂಜಿ ಹೋದದ್ದು ಈ ಸಂದಿನಿಂದ. ಸಿರಿಂಜಿಗೆ ಎಳೆದದ್ದು ಅನ್ನವೂ ಹೌದು, ಹೊಲಸೂ ಹೌದು. ಅನ್ನವನ್ನು ಒಬ್ಬರು ಮುಟ್ಟಬಾರದು, ಹೊಲಸನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಹಾಗಾಗಿ ಅದು ಯಾರ ಕೆಲಸವೂ ಆಗಲಿಲ್ಲ. ಇಬ್ಬರೂ ಅಮ್ಮನಿಗಾಗಿ ನಿದ್ದೆಗೆಟ್ಟವರು. ಇಬ್ಬರೂ ನನಗೆ ಸುಳ್ಳು ಹೇಳಿದವರು. ಹೇಳುವಾಗ ತಮ್ಮದು ಸುಳ್ಳೆಂದು ಇಬ್ಬರಿಗೂ ಅನಿಸಿರಲಿಲ್ಲ. ಮನೆ ಮನೆಯಲ್ಲಿ ಕೆಲಸ ಹೀಗೇ ಹಂಚಿಹೋಗಿದೆ ಎಂದು ತಿಳಿಯದ ಡಾಕ್ಟರು ಈ ಸೀಮೆಯಲ್ಲಿ ಯಾರಿದ್ದಾರೆ? ತಿಳಿದಿದ್ದೂ ಕಾರಿಡಾರಿನಲ್ಲಿ ಇಂಗ್ಲಿಷ್ ಮಾತಾಡಿ ಮುಗಿಸುತ್ತಾರೆ.

ಸಿಸ್ಟರ್ ಸರೋಜ ಮಾತ್ರ ತೀರ್ಮಾನ ಕೊಟ್ಟವರ ಹಾಗೆ ಹೇಳಿದರು: "ನೋಡಿ, ಇಲ್ಲಿ ಒಂದೇ ಕಾನೂನು. ಎಳೆದ ಕೈಯೇ ಹಾಕ್ಬೇಕು. ಎಳೀದೇ ಇರೋ ಕೈ ಹಾಕೋ ಹಾಗಿಲ್ಲ."

"ಬೆಳಿಗ್ಗೆ ಎದ್ದು ಲಿಂಗಪೂಜೆ ಮಾಡಿದ ಕೈ ಕಣಮ್ಮಾ ಇದು" ಎಂದರು ಅತ್ತೆ.

"ಒಳ್ಳೇದಾಯ್ತು. ಸೋಪ್ ಹಾಕಿ ತೊಳ್ಕೊಳ್ಳಿ."

ಅತ್ತೆ ಕದಲಲಿಲ್ಲ. ನನಗೆ ತಡೆಯಲಾಗಲಿಲ್ಲ. "ಹಾಗಾದ್ರೆ ಎರಡೂ ಹಸೀನಾಬೀನೇ ಮಾಡ್ಲಿ. ನೀವು ಊರಿಗೆ ಹೋಗಿ ಅತ್ತೆ" ಎಂದೆ. ಅತ್ತೆಗೆ ಹಾಗೆ ಹೇಳಿದ್ದು ಅದೇ ಮೊದಲು. ಅತ್ತೆಯ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿಯೂ ನಾನು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅತ್ತೆ ಎದ್ದು, ಬಳೆ ಮೇಲಕ್ಕೆ ಸರಿಸಿ, ನಲ್ಲಿಯ ಬಳಿ ಹೋಗಿ ಮೊಣಕೈವರೆಗೂ ತೊಳೆದುಕೊಂಡು ಬಂದರು.

"ಕೊಡೇ ಇಲ್ಲಿ. ನನ್ ತಮ್ಮನ ಹೆಂಡ್ತಿಗೆ ನಾನ್ ಹಾಕ್ದೆ ಇನ್ಯಾರ್ ಹಾಕ್ತಾರೆ?"

ಮಜ್ಜಿಗೆ ಸಿರಿಂಜಿಗೆ ಏರಿತು. ಮುಖ ಕಿವುಚಿಕೊಂಡು ಅತ್ತೆ ಅದನ್ನು ಚೊಂಬಿಗೆ ಇಳಿಸಿದರು.

"ಮಜ್ಜಿಗೇಗೇ ಹಿಂಗ್ ಮುಖ ಮಾಡಿದ್ರೆ ಹೆಂಗೆ ಗಂಗಕ್ಕ? ಮಲಗಿರೋ ಅಕ್ಕಾರು ಹೆದರ್ಕೊಂಡಾರು" ಎಂದಳು ಹಸೀನಾಬಿ.

"ನೀನ್ ಬಾಯ್ ಮುಚ್ಕೊಂಡು ಕಲ್ತ್ಕೋ. ನಾಳೆ ನಂಗ್ ಜ್ವರ ಬಂದ್ರೆ ನೀನೇ ಹಾಕ್ಬೇಕು."

ಆ ಮಾತು ಹೊರಟಿತೆಂದು ಅತ್ತೆಗೇ ಗೊತ್ತಾಗಲಿಲ್ಲವೇನೋ. ಹಸೀನಾಬಿಗೆ ಗೊತ್ತಾಯಿತು. ಅವಳು ಆಗಲೇ ನಲ್ಲಿಯತ್ತ ಹೋಗುತ್ತಿದ್ದಳು.

ಆಮೇಲೆ ಅಮ್ಮನ ಹಾಸಿಗೆಯ ಬಳಿ. ತಲೆಯ ಕಡೆ ಎತ್ತರಿಸಿ ಕೂರಿಸುವುದು. ಕಪ್ಪು ಗೆರೆ ಹೊಳ್ಳೆಯ ಬಳಿ ಇದೆಯೇ ನೋಡುವುದು. ಎಳೆಯುವುದು. ಬಂದ ಹನಿಯನ್ನು ಲಿಟ್ಮಸ್ ಕಾಗದಕ್ಕೆ ತಾಗಿಸಿ, ನೀಲಿ ಕೆಂಪಾದರೆ ಹೊಟ್ಟೆಯದೆಂದು ತಿಳಿಯುವುದು. ಕಾಗದವನ್ನು ನಾನು ಕಾಲೇಜಿನ ಲ್ಯಾಬಿನಿಂದ ಕೇಳಿ ತಂದಿದ್ದೆ. ಸ್ವಲ್ಪ ನೀರು, ಆಮೇಲೆ ಗಂಜಿ, ಆಮೇಲೆ ಮತ್ತೆ ನೀರು. ಸಿರಿಂಜನ್ನು ಒತ್ತದೆ, ಎತ್ತರದಿಂದ ತಾನಾಗಿ ಇಳಿಯಲು ಬಿಡುವುದು. ಮುಗಿದ ಕೂಡಲೇ ಮಲಗಿಸದಿರುವುದು. ಎಳೆದಾಗ ಏನೂ ಬರದಿದ್ದರೆ, ಗೆರೆ ಸರಿದಿದ್ದರೆ, ಕಾಗದ ನೀಲಿಯಾಗಿಯೇ ಉಳಿದರೆ?

"ಹಸಿದ್ರೂ ಪರ್ವಾಗಿಲ್ಲ, ಹಾಕ್ಬೇಡಿ. ಇಲ್ಲಿಗೆ ಕರ್ಕೊಂಡ್ ಬನ್ನಿ" ಎಂದರು ಸಿಸ್ಟರ್. "ಒಂದ್ ಹೊತ್ತು ಉಪವಾಸ ಇದ್ರೆ ಏನೂ ಆಗಲ್ಲ. ತಪ್ಪು ಜಾಗಕ್ಕೆ ಹೋದ್ರೆ ಆಗ್ತದೆ."

ಇಬ್ಬರೂ ಸರದಿಯ ಮೇಲೆ ಮಾಡಿದರು. ಅತ್ತೆ ಮೊದಲ ಸಲ ನಿಜವಾದದ್ದನ್ನು ಎಳೆದಾಗ ಕಣ್ಣು ಮುಚ್ಚಿಕೊಂಡರು. "ಕಣ್ ಮುಚ್ಚಿದ್ರೆ ಬಣ್ಣ ಹೆಂಗ್ ಕಾಣ್ತದೆ?" ಎಂದು ಸಿಸ್ಟರ್ ಗದರಿದರು. ಆಗ ಅಮ್ಮ ನಕ್ಕಳು. ಮುಖದ ಅರ್ಧ ಮಾತ್ರ ನಗುತ್ತಿತ್ತು. ಸ್ಟ್ರೋಕ್ ಆದ ಮೇಲೆ ಅದೇ ಮೊದಲ ನಗು. ನಾನು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತುಬಂದೆ.

ಇನ್ನೂ ಎರಡು ದಿನ ಉಳಿಸಿಕೊಂಡು, ಪ್ರತಿ ಫೀಡನ್ನೂ ಅವರ ಕೈಯಲ್ಲೇ ಕೊಡಿಸಿ, ತಾವು ಬರೀ ನೋಡುತ್ತ ನಿಂತು, ಸಿಸ್ಟರ್ ನಮ್ಮನ್ನು ಕಳಿಸಿದರು. ಅವರಿಗೆ ನಾನು ಋಣಿ. ಆದರೆ ಕೃತಜ್ಞತೆಯ ಜೊತೆಗೇ ಒಂದು ಕಹಿಯೂ ಇದೆ. ಇಷ್ಟೇ ಹೊತ್ತು, ಒಂದು ಚೊಂಬು ಮಜ್ಜಿಗೆ, ಇಬ್ಬರು ಹೆಂಗಸರನ್ನು ಒಳಗೆ ಕರೆಯುವ ಮನಸ್ಸು. ಇಷ್ಟು ಮೊದಲೇ ಸಿಕ್ಕಿದ್ದರೆ ಅಮ್ಮ ಆ ಕಾರಿನಲ್ಲಿ ಹಾಗೆ ಉಸಿರಾಡಬೇಕಾಗಿರಲಿಲ್ಲ. ಅಮ್ಮ ಇದ್ದಾಳೆ. ಟ್ಯೂಬು ಇನ್ನೂ ಇದೆ. ಒಂದು ದಿನ ತೆಗೆಯಬಹುದು ಎನ್ನುತ್ತಾರೆ, ತೆಗೆಯದೆಯೂ ಇರಬಹುದು. ನಾನು ಎರಡಕ್ಕೂ ಸಿದ್ಧಳಾಗುತ್ತಿದ್ದೇನೆ.

ಚಿಕ್ಕಪ್ಪ ನನ್ನ ಜೊತೆ ಮಾತು ಬಿಟ್ಟಿದ್ದರು. ಮನೆಗೆ ಬಂದು ವಾರ ಕಳೆದ ಮೇಲೆ ಒಂದು ಸಂಜೆ ಅಂಗಡಿಯಿಂದ ಒಬ್ಬರನ್ನು ಒಳಗೆ ಕಳಿಸಿದರು. ಪಕ್ಕದ ಶಿವನಿ ಊರಿನವರು, ಸ್ಕೂಟರಿನಲ್ಲಿ ಬಂದಿದ್ದರು. ಅವರ ತಾಯಿಗೂ ಸ್ಟ್ರೋಕ್ ಆಗಿ, ಅದೇ ದೊಡ್ಡ ಆಸ್ಪತ್ರೆಯಿಂದ ಟ್ಯೂಬಿನೊಂದಿಗೆ ಹಿಂದಿನ ದಿನವಷ್ಟೇ ಕರೆತಂದಿದ್ದರು.

"ನಿಮ್ ಚಿಕ್ಕಪ್ಪಾರನ್ನ ಕೇಳ್ದೆ. 'ನಂಗೇನೂ ಗೊತ್ತಿಲ್ಲ ಕಣಪ್ಪಾ, ಒಳಗ್ ಹೋಗಿ ನಮ್ ಹುಡುಗೀನ ಕೇಳು' ಅಂದ್ರು. ಒಂಚೂರು ಹೇಳಿ ಮೇಡಂ, ನಾನ್ ಮನೇಲ್ ಹೇಳ್ಕೊಡ್ತೀನಿ."

"ಯಾರು ಹಾಕ್ತಾ ಇದ್ದಾರೆ?"

"ನನ್ ಹೆಂಡ್ತಿ."

"ಹಾಗಾದರೆ ನಿಮಗೆ ಹೇಳೋದಿಲ್ಲ."

ಅವರು ಗಾಬರಿಯಾಗಿ ನನ್ನನ್ನೇ ನೋಡಿದರು. ನಾಳೆ ಬೆಳಿಗ್ಗೆ ನಾನೇ ಬರುವವರೆಗೆ ಏನನ್ನೂ ಹಾಕಬೇಡಿ, ತಲೆ ಎತ್ತರಿಸಿ ಮಲಗಿಸಿ ಎಂದಷ್ಟು ಹೇಳಿ ಕಳಿಸಿದೆ.

ಮರುದಿನ ಬೆಳಿಗ್ಗೆ ಅಮ್ಮನ ಮೊದಲ ಫೀಡಿಗೆ ನಾನು ನಿಲ್ಲಲಿಲ್ಲ. "ನಾವಿಬ್ರಿದೀವಿ, ಹೋಗ್ ನೀನು, ರೈಲ್ ಹೋಯ್ತದೆ" ಎಂದರು ಅತ್ತೆ. ಶಿವನಿಯಲ್ಲಿ ಇಳಿದೆ. ಆ ಮನೆಯ ಜಗಲಿಯ ಮೇಲೆ ಗಂಡಸರು ಎದ್ದು ನಿಂತು ನನಗೆ ಕುರ್ಚಿ ಹಾಕಿದರು. ಕೂರಲಿಲ್ಲ. ಅವರನ್ನು ದಾಟಿ ಒಳಗೆ ಹೋದೆ. ಅಜ್ಜಿ ದಿಂಬುಗಳಿಗೆ ಒರಗಿದ್ದವರು ಜಾರಿ ಜಾರಿ ಅಂಗಾತವಾಗಿದ್ದರು. ಅಡುಗೆಮನೆಯ ಬಾಗಿಲಲ್ಲಿ ನನ್ನ ವಯಸ್ಸಿನ ಒಬ್ಬಳು ಗಂಜಿಯ ಪಾತ್ರೆ ಹಿಡಿದು ನಿಂತಿದ್ದಳು. ಒಲೆಯ ಬಿಸಿಗೆ ಕೆಂಪಾದ ಮುಖ. ಕಣ್ಣಲ್ಲಿ ಬರೀ ಹೆದರಿಕೆ.

"ಪಾತ್ರೆ ಕೆಳಗಿಡಿ. ಮೊದಲು ಇವರನ್ನ ಎತ್ತಿ ಕೂರಿಸೋಣ" ಎಂದೆ. "ನೀವು ಆ ಕಡೆಯಿಂದ ಹಿಡ್ಕೊಳ್ಳಿ."